ವಿದ್ಯಾರ್ಥಿಗಳು ಕೊಡುವ ಮೌಲ್ಯಮಾಪನ ಯಾರ ಕಣ್ಣಿಗೆ ಬೀಳಬೇಕು? ಶನಿವಾರದ ಮಾತುಕತೆಗೆ ಮುನ್ನ ಸಲಹೆ ಬೇಕು

ಮುಲುಂಡ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂಬಯಿ ಉಪನಗರದ ಒಂದು ಕಾಲೇಜಿನಲ್ಲಿ 16 ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಕಾಲೇಜಿನ ಹೆಸರು ಬರೆಯುವುದಿಲ್ಲ, ಗೊತ್ತಿರುವವರೂ ದಯವಿಟ್ಟು ಬರೆಯಬೇಡಿ. ಬರುವ ಶನಿವಾರ ನಮ್ಮ ಅಧ್ಯಾಪಕರ ಸಂಘಕ್ಕೂ ಆಡಳಿತ ಮಂಡಳಿಗೂ ಮಾತುಕತೆ ಇದೆ. ಸಂಘದ ಪರವಾಗಿ ಹೋಗುವ ಐವರಲ್ಲಿ ನಾನೂ ಒಬ್ಬ. ವಿಷಯ ಒಂದೇ: ವಿದ್ಯಾರ್ಥಿಗಳು ನಮ್ಮ ಪಾಠದ ಬಗ್ಗೆ ತುಂಬಿಕೊಡುವ ಮೌಲ್ಯಮಾಪನವನ್ನು ಯಾರು ನೋಡಬಹುದು, ಯಾವುದಕ್ಕೆ ಬಳಸಬಹುದು.

ಕಳೆದ ತಿಂಗಳು ಒಂದು ಬೆಳಿಗ್ಗೆ ಮಸ್ಟರ್‌ಗೆ ಸಹಿ ಹಾಕಲು ಹೋದರೆ, ಮೇಜಿನ ಮೇಲಿನ ಗೋಡೆಗೆ ನಾಲ್ಕು ಹಾಳೆ ಅಂಟಿಸಿದ್ದರು. ಅಧ್ಯಾಪಕರ ಹೆಸರು, ವಿಷಯ, ಐದಕ್ಕೆ ಎಷ್ಟು ಅಂಕ, ಮೇಲಿನಿಂದ ಕೆಳಕ್ಕೆ ಕ್ರಮಾಂಕ. 3.75ಕ್ಕಿಂತ ಕೆಳಗಿದ್ದ ಆರು ಹೆಸರುಗಳ ಮೇಲೆ ಹಳದಿ ಹೈಲೈಟರ್ ಎಳೆದಿದ್ದರು. ಬೋನಫೈಡ್ ಪತ್ರಕ್ಕೆಂದು ಬಂದ ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲ ತರಗತಿಗಳ ವಾಟ್ಸಾಪ್ ಗುಂಪುಗಳಲ್ಲಿತ್ತು.

ಆ ಆರು ಹೆಸರುಗಳಲ್ಲಿ ರಸಾಯನಶಾಸ್ತ್ರದ ಮೇಡಂ ಒಬ್ಬರು. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಹಾಳೆ ನೋಡಿದರು, ಸಹಿ ಹಾಕಿದರು, ಏನೂ ಮಾತಾಡದೆ ಪ್ರಯೋಗಾಲಯಕ್ಕೆ ಹೋದರು. ಹತ್ತು ನಿಮಿಷ ಬಿಟ್ಟು ನಾನು ಹೋಗಿ ನೋಡಿದಾಗ ತೊಳೆದಿಟ್ಟಿದ್ದ ಬ್ಯುರೆಟ್‌ಗಳನ್ನೇ ಒಂದೊಂದಾಗಿ ತೆಗೆದು ಮತ್ತೆ ತೊಳೆಯುತ್ತಿದ್ದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಸಂಘದ ಸಭೆಯಲ್ಲಿ ಮೂರು ಅಭಿಪ್ರಾಯ ಬಂದವು. ಮೌಲ್ಯಮಾಪನವೇ ಬೇಡ ಎಂದು ಕೆಲವರು. ಪ್ರಾಂಶುಪಾಲರು ಮಾತ್ರ ನೋಡಲಿ ಎಂದು ಕೆಲವರು. ಆಯಾ ಅಧ್ಯಾಪಕರಿಗೆ ಮಾತ್ರ ಕೊಡಲಿ ಎಂದು ಉಳಿದವರು. ಆಡಳಿತದವರ ಉತ್ತರ ಒಂದೇ: ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಕೇಳುತ್ತದೆ, ಆದ್ದರಿಂದ ಎಲ್ಲವೂ ಪಾರದರ್ಶಕವಾಗಿರಬೇಕು. ನಾವು ಏನು ಕೇಳಬೇಕು? ಅನುಭವ ಇದ್ದವರು ಹೇಳಿ.

ಡೊಂಬಿವಲಿ ನಿವೃತ್ತ

ಮೇಷ್ಟ್ರೇ, 34 ವರ್ಷ ಪಾಠ ಮಾಡಿ, ಅದರಲ್ಲಿ 20 ವರ್ಷ ಸಂಘದ ಕೆಲಸ ಮಾಡಿ ಮನೆಯಲ್ಲಿ ಕುಳಿತವನು ನಾನು. ಮೊದಲ ಮಾತು: ‘ಬೇಡ’ ಎನ್ನುವವರನ್ನು ಶನಿವಾರ ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಮಕ್ಕಳ ಮಾತನ್ನು ಕೇಳುವುದೇ ಬೇಡ ಎಂದ ಗಳಿಗೆಗೆ ಪೋಷಕರೂ ವಿದ್ಯಾರ್ಥಿಗಳೂ ಆಚೆ ಕಡೆ ಸೇರುತ್ತಾರೆ. 2013ರಲ್ಲಿ ಮಹಾರಾಷ್ಟ್ರದ ಅಧ್ಯಾಪಕ ಸಂಘಗಳ ಒಕ್ಕೂಟವಾದ ಎಂಫುಕ್ಟೊ ಪರೀಕ್ಷಾ ಕೆಲಸ ಬಹಿಷ್ಕರಿಸಿದಾಗ ನಾನೂ ಇದ್ದೆ. ನೆಟ್-ಸೆಟ್ ಅರ್ಹತಾ ಪರೀಕ್ಷೆ ಪಾಸಾಗದ ಅಧ್ಯಾಪಕರ ಸೇವೆ, ಆರನೆಯ ವೇತನ ಆಯೋಗದ ಬಾಕಿ, ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಫಲಿತಾಂಶಕ್ಕೆ ಕಾಯುತ್ತಿದ್ದ ಮನೆಗಳಿಗೆ ಅದನ್ನು ವಿವರಿಸಿ ಹೇಳುವಷ್ಟರಲ್ಲಿ ನಮ್ಮ ದನಿ ಸೋತಿತ್ತು. ಮುಂಬಯಿ ಹೈಕೋರ್ಟಿನವರೆಗೂ ವಿಷಯ ಹೋಯಿತು.

ಎರಡನೆಯದು ‘ಪ್ರಾಂಶುಪಾಲರು ಮಾತ್ರ ನೋಡಲಿ’ ಎಂಬ ಅಭಿಪ್ರಾಯ. ಇದು ಮೂರರಲ್ಲೂ ಅಪಾಯಕಾರಿ. ನಮ್ಮ ಕಾಲದಲ್ಲಿ ಗೋಪನೀಯ ವರದಿ ಇತ್ತು. ಪ್ರಾಂಶುಪಾಲರು ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬಡ್ತಿ ತಪ್ಪಿದ ದಿನವೇ ನಮ್ಮ ಬಗ್ಗೆ ಏನು ಬರೆದಿದ್ದರು ಎಂಬುದು ತಿಳಿಯುತ್ತಿತ್ತು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ನೌಕರನ ವಾರ್ಷಿಕ ವರದಿಯಲ್ಲಿ ಬರೆದ ಪ್ರತಿಯೊಂದು ಅಭಿಪ್ರಾಯವನ್ನೂ ಅವನಿಗೆ ತಿಳಿಸಲೇಬೇಕು, ಒಳ್ಳೆಯದಿರಲಿ ಕೆಟ್ಟದ್ದಿರಲಿ. ಆ ತೀರ್ಪು ಸರ್ಕಾರಿ ನೌಕರನೊಬ್ಬನ ವಿಷಯದಲ್ಲಿ ಬಂದದ್ದು, ನಿಮ್ಮ ಖಾಸಗಿ ಆಡಳಿತ ಮಂಡಳಿಗೆ ನೇರವಾಗಿ ಅಂಟದಿರಬಹುದು. ಆದರೂ ಮೇಜಿನ ಮೇಲೆ ಇಡಲು ಅದಕ್ಕಿಂತ ಗಟ್ಟಿ ಮಾತು ಸಿಗುವುದಿಲ್ಲ.

‘ಗೋಪ್ಯ’ ಎಂಬ ಒಂದೇ ಪದ ಹಿಡಿದುಕೊಂಡು ಒಳಗೆ ಹೋಗಬೇಡಿ. ಯಾರಿಂದ ಗೋಪ್ಯ ಎಂದು ಪ್ರತಿಸಲವೂ ಕೇಳಿ.

ವಾಸ್ಕೋ ಟೀಚರ್

ಗೋವಾದಿಂದ ಬರೆಯುತ್ತಿದ್ದೇನೆ. ನಿವೃತ್ತ ಸರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ.

ಹೊರಗಿನವರ ವಿಷಯ: 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣ ಮಹಾರಾಷ್ಟ್ರದ್ದೇ. ಒಬ್ಬ ನೌಕರನಿಗೆ ಕೊಟ್ಟ ಮೆಮೊ, ಶಿಕ್ಷೆಯ ವಿವರಗಳನ್ನೆಲ್ಲ ಮಾಹಿತಿ ಹಕ್ಕಿನಡಿ ಮೂರನೆಯವರು ಕೇಳಿದ್ದರು. ಕೆಲಸದಲ್ಲಿ ನೌಕರ ಹೇಗೆ ನಡೆದುಕೊಂಡ ಎಂಬುದು ಅವನಿಗೂ ಉದ್ಯೋಗದಾತನಿಗೂ ಸೇರಿದ ವಿಷಯ, ದೊಡ್ಡ ಸಾರ್ವಜನಿಕ ಹಿತ ಇಲ್ಲದಿದ್ದರೆ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅರ್ಜಿ ಹಾಕಿ ಕೇಳಿದವರಿಗೇ ಕೊಡಬೇಕಿಲ್ಲದ್ದನ್ನು ನಿಮ್ಮವರು ಯಾರೂ ಕೇಳದೆ ಗೋಡೆಗೆ ಅಂಟಿಸಿದ್ದಾರೆ.

ಇನ್ನೊಂದು ನಮ್ಮ ಊರಿನದು. ಅಧ್ಯಾಪಕರ ಸಂಘ ಮಾಡಿಕೊಳ್ಳುವ ಒಪ್ಪಂದಕ್ಕೆ ಕಾರ್ಖಾನೆಯ ಒಪ್ಪಂದದ ಬಲ ಇರುವುದಿಲ್ಲ. 1988ರಲ್ಲಿ ಸುಂದರಾಂಬಾಳ್ ಎಂಬ ಶಾಲಾ ಶಿಕ್ಷಕಿ ಗೋವಾ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ‘ವರ್ಕ್‌ಮನ್’ ಅಲ್ಲ ಎಂದು ತೀರ್ಪು ಬಂತು. ಆ ತೀರ್ಪಿನ ನೆರಳಿನಲ್ಲೇ ನಾವೆಲ್ಲ ಕೆಲಸ ಮಾಡುತ್ತಿರುವುದು. ಆದ್ದರಿಂದ ಶನಿವಾರ ಕೈಕುಲುಕಿ ಎದ್ದು ಬಂದರೆ ಏನೂ ಉಳಿಯುವುದಿಲ್ಲ. ನಿಮ್ಮಲ್ಲಿ 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ಕಾಲೇಜು ವಿಕಾಸ ಸಮಿತಿ ಇದೆಯಲ್ಲ, ಅದರ ನಿರ್ಣಯವಾಗಿ ಬರೆಸಿ. ಅದರಲ್ಲಿ ಚುನಾಯಿತ ಅಧ್ಯಾಪಕರಿಗೂ ಸ್ಥಾನ ಇದೆ, ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷ, ಕಾರ್ಯದರ್ಶಿಗೂ ಸ್ಥಾನ ಇದೆ. ಮಕ್ಕಳ ಎದುರಿಗೇ ನಿರ್ಣಯ ಆದರೆ ಅದನ್ನು ಮುರಿಯುವುದು ಕಷ್ಟ.

ಟ್ರಸ್ಟಿನ ಕಡೆಯವನು

ನಾನು ಬೇರೊಂದು ಕಾಲೇಜಿನ ಟ್ರಸ್ಟಿನಲ್ಲಿದ್ದೇನೆ. ಇಲ್ಲಿ ಎಲ್ಲರೂ ಒಂದೇ ಕಡೆಯಿಂದ ಬರೆಯುತ್ತಿರುವುದರಿಂದ ಆಡಳಿತದ ಕಡೆಯ ಮಾತನ್ನೂ ಹೇಳಬೇಕಾಗಿದೆ.

ಹದಿನೈದನೆಯ ವಯಸ್ಸಿಗೆ ಮುಂಬಯಿಗೆ ಬಂದು ಕೋಟೆ ಪ್ರದೇಶದ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವನು ನಾನು. ಅಲ್ಲಿ ಒಬ್ಬ ಮೇಷ್ಟ್ರು ಎರಡು ವರ್ಷ ಗಣಿತವನ್ನೇ ಮಾಡಲಿಲ್ಲ. ಬಂದು ಕುಳಿತು ಪತ್ರಿಕೆ ಓದಿ ಹೋಗುತ್ತಿದ್ದರು. ನಾವು 40 ಜನ ಹೋಟೆಲ್ ಹುಡುಗರು, ಹೇಳುವುದು ಯಾರಿಗೆ? ಗಣಿತದಲ್ಲಿ ನಾಪಾಸಾದವರು ಓದು ಬಿಟ್ಟರು. ಆಗ ಇಂಥದೊಂದು ಹಾಳೆ ಗೋಡೆಯ ಮೇಲೆ ಬಂದಿದ್ದರೆ ನಾಲ್ಕಾರು ಬದುಕುಗಳು ಬೇರೆ ದಾರಿ ಹಿಡಿಯುತ್ತಿದ್ದವೇನೋ.

ನಿಮ್ಮ ರಸಾಯನಶಾಸ್ತ್ರದ ಮೇಡಂ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲವನ್ನೂ ಅಧ್ಯಾಪಕರ ಕೈಗೇ ಕೊಟ್ಟು ಸುಮ್ಮನಾದರೆ, ಪತ್ರಿಕೆ ಓದುವ ಮೇಷ್ಟ್ರನ್ನು ಹಿಡಿಯುವವರು ಯಾರು? ಶುಲ್ಕ ಕಟ್ಟುವ ಪೋಷಕರಿಗೆ ನಾವು ಏನೆಂದು ಉತ್ತರ ಕೊಡಬೇಕು?

ಮುಲುಂಡ್ ಮೇಷ್ಟ್ರು

ಟ್ರಸ್ಟಿನ ಅಣ್ಣನವರೇ, ನಿಮ್ಮ ಮಾತು ನೇರವಾಗಿ ಎದೆಗೆ ತಟ್ಟಿತು. ತರಗತಿಗೇ ಬಾರದವರನ್ನು ಕಾಪಾಡಲು ಸಂಘ ಹೋಗಬಾರದು, ನಾನಂತೂ ಹೋಗುವುದಿಲ್ಲ. ಆದರೆ ಪಾಠವನ್ನೇ ಮಾಡದಿದ್ದರೆ ಅದು ದೂರಿನ ವಿಷಯ. ದೂರಿಗೆ ವಿಚಾರಣೆ ಇದೆ, ಎರಡೂ ಕಡೆಯ ಮಾತು ಕೇಳಲು ದಾರಿ ಇದೆ. ನಮ್ಮ ಗೋಡೆಯ ಮೇಲಿದ್ದ ಅಂಕಿಗೆ ಉತ್ತರ ಹೇಳಲು ದಾರಿ ಎಲ್ಲಿದೆ? ಮೇಡಂ ಯಾರಿಗೆ ಉತ್ತರ ಹೇಳಬೇಕು?

ಪುಣೆ ಸಂಖ್ಯಾಶಾಸ್ತ್ರ

ಒಂದು ಪ್ರಶ್ನೆ. ಮೇಡಂ ಅವರ ಅಂಕ ಎಷ್ಟಿತ್ತು, ತರಗತಿಯಲ್ಲಿ ಎಷ್ಟು ಜನ, ತುಂಬಿದವರು ಎಷ್ಟು?

ಮುಲುಂಡ್ ಮೇಷ್ಟ್ರು

ಕ್ರಮಾಂಕ ಕೊಟ್ಟಿದ್ದು ‘ಒಟ್ಟಾರೆ ಈ ಅಧ್ಯಾಪಕರು ಹೇಗೆ’ ಎಂಬ ಕೊನೆಯ ಪ್ರಶ್ನೆಯ ಸರಾಸರಿಯ ಮೇಲೆ. ಮೇಡಂ ಅವರದು 3.67. ತರಗತಿಯಲ್ಲಿ 58 ಮಕ್ಕಳು. ತುಂಬಿದವರು 9.

ಪುಣೆ ಸಂಖ್ಯಾಶಾಸ್ತ್ರ

ಹಾಗಾದರೆ ಕಾಗದ ಪೆನ್ನು ತೆಗೆದುಕೊಳ್ಳಿ. 9 ಜನರ ಸರಾಸರಿ 3.67 ಎಂದರೆ ಒಟ್ಟು ಮೊತ್ತ 33. ಎಂಟು ಜನ ನಾಲ್ಕು ಕೊಟ್ಟು ಒಬ್ಬ ಒಂದು ಕೊಟ್ಟರೆ 33. ಆರು ಜನ ನಾಲ್ಕು ಕೊಟ್ಟು ಮೂವರು ಮೂರು ಕೊಟ್ಟರೂ 33. ಮೊದಲನೆಯದರಲ್ಲಿ ಎಂಟು ಮಕ್ಕಳಿಗೆ ಸಮಾಧಾನ, ಒಬ್ಬನಿಗೆ ಮಾತ್ರ ತೀರದ ಕೋಪ. ಎರಡನೆಯದರಲ್ಲಿ ಯಾರಿಗೂ ಕೋಪವಿಲ್ಲ, ಮೂವರಿಗೆ ಪಾಠ ಸಾಧಾರಣ ಎನಿಸಿದೆ, ಅಷ್ಟೇ. ಎರಡು ಬೇರೆ ಬೇರೆ ತರಗತಿಗಳು, ಗೋಡೆಯ ಮೇಲೆ ಮಾತ್ರ ಒಂದೇ ಅಂಕಿ. ಉಳಿದ 49 ಮಕ್ಕಳು ಏನು ಅಂದುಕೊಂಡಿದ್ದಾರೆ ಎಂಬುದು ಆ ಹಾಳೆಯಲ್ಲಿ ಇಲ್ಲವೇ ಇಲ್ಲ. ಇದರ ಮೇಲೆ 3.75 ಎಂದು ಗೆರೆ ಎಳೆದು ಹಳದಿ ಬಳಿದವರಿಗೆ ಸರಾಸರಿ ತೆಗೆಯಲು ಬರುತ್ತದೆ, ಅದರ ಅರ್ಥ ಹಿಡಿಯಲು ಬರುವುದಿಲ್ಲ.

ಇನ್ನೊಂದು ವಿಷಯವನ್ನು ಶನಿವಾರ ಹೇಳಲೇಬೇಕು. ಆ ಆರು ಜನರಲ್ಲಿ ಹೆಂಗಸರು ಎಷ್ಟು ಎಂದು ಎಣಿಸಿ. ಅಮೆರಿಕದಲ್ಲಿ ಮ್ಯಾಕ್‌ನೆಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಆನ್‌ಲೈನ್ ಪಾಠ, ಮಕ್ಕಳು ಅಧ್ಯಾಪಕರ ಮುಖ ನೋಡುವುದಿಲ್ಲ. ಒಬ್ಬ ಗಂಡಸು, ಒಬ್ಬ ಹೆಂಗಸು ಪಾಠ ಮಾಡುವವರು. ಇಬ್ಬರೂ ಒಂದು ಗುಂಪಿಗೆ ಗಂಡಸಿನ ಹೆಸರಿನಲ್ಲಿ, ಇನ್ನೊಂದು ಗುಂಪಿಗೆ ಹೆಂಗಸಿನ ಹೆಸರಿನಲ್ಲಿ ಪಾಠ ಮಾಡಿದರು. ಅಂಕಗಳನ್ನು ಎಲ್ಲ ಗುಂಪುಗಳಿಗೂ ಒಂದೇ ಹೊತ್ತಿಗೆ ತಿಳಿಸಿದರು. ಆದರೂ ‘ಸಕಾಲಕ್ಕೆ ಅಂಕ ತಿಳಿಸುತ್ತಾರೆಯೇ’ ಎಂಬ ಪ್ರಶ್ನೆಗೆ ಗಂಡಸಿನ ಹೆಸರಿಗೆ ಐದಕ್ಕೆ 4.35, ಹೆಂಗಸಿನ ಹೆಸರಿಗೆ 3.55 ಬಂತು. ಚಿಕ್ಕ ಅಧ್ಯಯನ, ನಿಜ. ಆದರೆ ಗಡಿಯಾರ ನೋಡಿ ಹೇಳಬಹುದಾದ ಒಂದು ಸಂಗತಿಯಲ್ಲೇ ಇಷ್ಟು ಅಂತರ ಬಂದಿದೆ ಎಂಬುದನ್ನು ಗಮನಿಸಿ.

ಮುಲುಂಡ್ ಮೇಷ್ಟ್ರು

ಎಣಿಸಿದೆ. ಆರರಲ್ಲಿ ಐದು.

ರಾತ್ರಿ ಕಾಲೇಜಿನ ಹಳೆಯ ವಿದ್ಯಾರ್ಥಿನಿ

ಎಲ್ಲರೂ ಅಧ್ಯಾಪಕರ ಗೋಪ್ಯತೆಯ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮದರ ಬಗ್ಗೆ ಯಾರೂ ಕೇಳಲಿಲ್ಲ.

ನಾನು ಹಗಲು ಮಸ್ಜಿದ್ ಬಂದರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ರಾತ್ರಿ ಬಿಕಾಂ ಓದುತ್ತಿದ್ದೆ. ನಮ್ಮಲ್ಲಿ ಮೌಲ್ಯಮಾಪನದ ಹಾಳೆಯನ್ನು ಆಯಾ ಅಧ್ಯಾಪಕರೇ ತಂದು ಹಂಚುತ್ತಿದ್ದರು, ಅವರೇ ಸಂಗ್ರಹಿಸುತ್ತಿದ್ದರು. ಹೆಸರು ಬರೆಯಬೇಡಿ ಎನ್ನುತ್ತಿದ್ದರು. ಆದರೆ ಬಲಗಡೆಯ ಮೂಲೆಯಲ್ಲಿ ರೋಲ್ ನಂಬರಿಗೆ ಒಂದು ಚೌಕ ಇತ್ತು. ಎಲ್ಲಕ್ಕಿಂತ ಮುಖ್ಯ, ಆಂತರಿಕ ಮೌಲ್ಯಮಾಪನದ 25 ಅಂಕಗಳು ಇನ್ನೂ ಅವರ ಕೈಯಲ್ಲೇ ಇರುತ್ತಿದ್ದವು. ಇಡೀ ತರಗತಿ 5, 5, 5, 5 ಎಂದು ಬರೆದು ಕೊಡುತ್ತಿತ್ತು. ಒಬ್ಬ ಹುಡುಗ ಮಾತ್ರ ಒಮ್ಮೆ ‘ತುಂಬಾ ವೇಗ’ ಎಂದು ಬರೆದ. ಮರುದಿನ ಎಲ್ಲರೆದುರು ‘ಕೆಲವರಿಗೆ ನಾನು ವೇಗವಾಗಿ ಹೋಗುತ್ತೇನಂತೆ’ ಎಂದು ಅವನನ್ನೇ ನೋಡುತ್ತ ಹೇಳಿದರು. ಆಮೇಲೆ ಆ ಹುಡುಗ ಯಾವ ಹಾಳೆಯಲ್ಲೂ ಏನನ್ನೂ ಬರೆಯಲಿಲ್ಲ.

ಈಗ ಮೊಬೈಲಿನಲ್ಲಿ ಗೂಗಲ್ ಫಾರ್ಮ್ ಬಂದಿದೆ. ಅದರಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆ ಚಾಲೂ ಇದ್ದರೆ ಯಾರು ಏನು ಬರೆದರು ಎಂಬುದು ಸಾಲು ಸಾಲಾಗಿ ಸಿಗುತ್ತದೆ. ಮೇಷ್ಟ್ರೇ, ನಿಮ್ಮ ಕಾಲೇಜಿನ ಫಾರ್ಮಿನಲ್ಲಿ ಅದು ಚಾಲೂ ಇದೆಯೇ? ನೋಡಿದ್ದೀರಾ?

ಮುಲುಂಡ್ ಮೇಷ್ಟ್ರು

ಅಕ್ಕ, ನೋಡಿರಲಿಲ್ಲ. ಇವತ್ತು ಐಕ್ಯೂಎಸಿ, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ ಸಂಯೋಜಕರನ್ನು ಕೇಳಿದೆ. ಚಾಲೂ ಇದೆ. ‘ಒಬ್ಬರೇ ಎರಡು ಸಲ ತುಂಬಬಾರದಲ್ಲ, ಅದಕ್ಕೆ’ ಎಂದರು.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವಾಗ ನನ್ನದೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಎರಡು ವರ್ಷಗಳ ಹಿಂದೆ ನನ್ನ ಮೂರನೆಯ ವರ್ಷದ ಬಿಎ ಕನ್ನಡ ತರಗತಿಯಲ್ಲಿ ಏಳು ಮಕ್ಕಳಿದ್ದರು. ಮುಂಬಯಿಯಲ್ಲಿ ಕನ್ನಡ ತೆಗೆದುಕೊಳ್ಳುವವರು ಏಳು ಜನ ಸಿಕ್ಕಿದರೂ ಸಂತೋಷ. ವರ್ಷದ ಕೊನೆಗೆ ಅಭಿಪ್ರಾಯಗಳ ಪ್ರತಿ ನನ್ನ ಕೈಗೆ ಬಂತು. ಹೆಸರು ಇರಲಿಲ್ಲ. ಅದರಲ್ಲಿ ಒಂದು ಹೀಗಿತ್ತು: ‘ಹಳಗನ್ನಡ ಪದ್ಯವನ್ನು ಸರ್ ತಮಗೆ ತಾವೇ ಓದಿಕೊಳ್ಳುತ್ತಾರೆ. ಎದುರಿಗೆ ನಾವಿರುವುದು ಮರೆಯುತ್ತದೆ. ಅರ್ಥವಾಗಲಿಲ್ಲ ಎಂದರೆ ಎಂತ ಎಣಿಸುತ್ತಾರೋ ಎಂದು ಕೇಳುವುದಿಲ್ಲ.’

‘ಎಂತ’, ‘ಎಣಿಸುತ್ತಾರೋ’. ಏಳು ಮಕ್ಕಳಲ್ಲಿ ಕರಾವಳಿಯ ಮನೆಯವಳು ಒಬ್ಬಳೇ. ನನ್ನ ಊರೂ ಕುಂದಾಪುರದ ಹತ್ತಿರವೇ, ಆ ಮಾತು ನನ್ನ ಮನೆಯ ಮಾತು. ಓದಿದ ಕ್ಷಣವೇ ಗೊತ್ತಾಯಿತು. ಅವಳ ಮೇಲೆ ನಾನು ಸಿಟ್ಟಾಗಲಿಲ್ಲ ಎಂದೇ ಅಂದುಕೊಂಡಿದ್ದೆ. ಪರೀಕ್ಷೆಗೆ ಮುನ್ನ ಇನ್ನೂ ಮೂರು ವಾರ ತರಗತಿಗಳಿದ್ದವು. ಪ್ರತಿದಿನ ಅವಳಿಂದಲೇ ಪದ್ಯ ಓದಿಸುತ್ತಿದ್ದವನು ಆ ಮೂರು ವಾರ ಒಮ್ಮೆಯೂ ಓದಿಸಲಿಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಅವಳ ಗಮನಕ್ಕೆ ಬಂದಿತ್ತು. ಮೊದಲ ಬೆಂಚಿನಿಂದ ಮೂರನೆಯ ಬೆಂಚಿಗೆ ಹೋದಳು. ಎಂಎ ಪ್ರವೇಶಕ್ಕೆ ಶಿಫಾರಸು ಪತ್ರ ಬೇಕಾದಾಗ ನನ್ನನ್ನು ಬಿಟ್ಟು ಇತಿಹಾಸದ ಅಧ್ಯಾಪಕರನ್ನು ಕೇಳಿದಳು. ಅವರು ನನಗೆ ಹೇಳಿದಾಗಲೇ ನನಗೆ ಎಲ್ಲ ಒಟ್ಟಿಗೆ ಹೊಳೆದದ್ದು.

ಅವಳು ಬರೆದದ್ದು ನಿಜವಾಗಿತ್ತು. ಈಗ ನಾನು ಪದ್ಯ ಓದಿದ ಮೇಲೆ ಪುಸ್ತಕ ಕೆಳಗಿಟ್ಟು ಮಕ್ಕಳ ಮುಖ ನೋಡುತ್ತೇನೆ. ಅದನ್ನು ಕಲಿಸಿದ್ದು ಅವಳೇ. ಅದನ್ನು ಅವಳಿಗೆ ಹೇಳುವ ಅವಕಾಶ ನನಗೆ ಸಿಗಲಿಲ್ಲ.

ಡೊಂಬಿವಲಿ ನಿವೃತ್ತ

ಮೇಷ್ಟ್ರೇ, ಇದನ್ನು ಶನಿವಾರ ಹೇಳಿ. ಹೆಸರು ಬೇಡ, ಊರು ಬೇಡ, ಆದರೆ ನಡೆದದ್ದನ್ನು ಹೇಳಿ. ಮಕ್ಕಳ ಹೆಸರನ್ನು ನಮ್ಮಿಂದ ಕಾಪಾಡಿ ಎಂದು ಅಧ್ಯಾಪಕರೇ ಎದ್ದು ಕೇಳಿದರೆ, ನಮ್ಮ ಅಂಕಗಳನ್ನು ಬಜಾರಿನಿಂದ ಕಾಪಾಡಿ ಎಂದು ಕೇಳುವ ಹಕ್ಕು ತಾನಾಗಿಯೇ ಬರುತ್ತದೆ. ಎರಡು ಬೇಡಿಕೆಗಳನ್ನೂ ಒಂದೇ ಕಾಗದದಲ್ಲಿ ಇಡಿ. ಒಂದನ್ನು ಕೊಟ್ಟು ಒಂದನ್ನು ಬಿಡುವುದಕ್ಕೆ ಒಪ್ಪಬೇಡಿ.

ವಾಸ್ಕೋ ಟೀಚರ್

ಇದಕ್ಕೂ ಒಂದು ತೀರ್ಪಿನ ಆಸರೆ ಇದೆ. 2011ರಲ್ಲಿ ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಪರೀಕ್ಷೆ ಬರೆದವರು ತಮ್ಮ ಉತ್ತರ ಪತ್ರಿಕೆಯನ್ನು ನೋಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದನ್ನು ತಿದ್ದಿದವರ ಹೆಸರು, ಸಹಿ ಮುಚ್ಚಿ ಕೊಡಬೇಕು, ಅವರ ಸುರಕ್ಷತೆ ಮುಖ್ಯ ಎಂದಿತು. ಇಲ್ಲಿ ಅದೇ ನ್ಯಾಯ ಎದುರುಬದುರಾಗಿದೆ. ತಿದ್ದಿಸಿಕೊಂಡವರು ನಾವು, ತಿದ್ದಿದವರು ಮಕ್ಕಳು. ಬರೆದದ್ದು ನಮಗೆ ಬರಲಿ, ಬರೆದವರು ಯಾರೆಂಬುದು ಬರದಿರಲಿ.

ಬಾಣೇರ್ ಕನ್ನಡಿಗ

ಕೆನಡಾದಲ್ಲಿ ಐದು ವರ್ಷ ಇದ್ದು ಪುಣೆಗೆ ಮರಳಿದವನು. ಅಲ್ಲಿ ಇದೇ ಜಗಳ ದೊಡ್ಡದಾಗಿ ನಡೆದಿತ್ತು. ಟೊರಾಂಟೊದ ರೈಯರ್ಸನ್ ವಿಶ್ವವಿದ್ಯಾಲಯ ಮತ್ತು ಅದರ ಅಧ್ಯಾಪಕರ ಸಂಘದ ನಡುವೆ ಮಾತುಕತೆಯಲ್ಲಿ ಬಗೆಹರಿಯದೆ ಮಧ್ಯಸ್ಥಗಾರ ವಿಲಿಯಂ ಕ್ಯಾಪ್ಲನ್ ಅವರ ಮುಂದೆ ಹೋಯಿತು. 2018ರ ಜೂನ್‌ನಲ್ಲಿ ತೀರ್ಪು ಬಂತು: ಬಡ್ತಿ ಮತ್ತು ಕಾಯಂ ನೇಮಕಾತಿಗೆ ಪಾಠದ ಪರಿಣಾಮವನ್ನು ಅಳೆಯಲು ವಿದ್ಯಾರ್ಥಿಗಳ ಮೌಲ್ಯಮಾಪನವನ್ನು ಬಳಸಕೂಡದು. ಸಂಘದ ಪರವಾಗಿ ಸಾಕ್ಷ್ಯ ಕೊಟ್ಟವರಲ್ಲಿ ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಒಬ್ಬರು. ಪುಣೆಯ ಗೆಳೆಯರು ಹೇಳಿದ ಸರಾಸರಿಯ ವಿಷಯವೂ ಅಲ್ಲಿ ಬಂದಿತ್ತು. ಹಾಗೆಂದು ಮಕ್ಕಳ ಅಭಿಪ್ರಾಯ ನಿಷ್ಪ್ರಯೋಜಕ ಎಂದು ತೀರ್ಪು ಹೇಳಲಿಲ್ಲ. ತರಗತಿಯಲ್ಲಿ ತಮಗಾದ ಅನುಭವವನ್ನು ಮಕ್ಕಳೇ ಹೇಳಬಲ್ಲರು ಎಂಬುದನ್ನು ಒಪ್ಪಿತು. ಆ ವಿಶ್ವವಿದ್ಯಾಲಯದ ಹೆಸರು ಈಗ ಟೊರಾಂಟೊ ಮೆಟ್ರೊಪಾಲಿಟನ್ ಎಂದು ಬದಲಾಗಿದೆ.

ಅಮೆರಿಕದ ಒರೆಗಾನ್ ರಾಜ್ಯದ ಕಾನೂನು ಇನ್ನೂ ಹತ್ತಿರದ್ದು. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಮೌಲ್ಯಮಾಪನ ಅನಾಮಿಕವಾಗಿರಬೇಕು, ಒಟ್ಟು ಫಲಿತಾಂಶದ ಪಟ್ಟಿ ಅಧ್ಯಾಪಕರ ಕಡತಕ್ಕೆ ಹೋಗಬೇಕು, ಮಕ್ಕಳು ತುಂಬಿದ ಮೂಲ ಹಾಳೆಗಳು ಅಧ್ಯಾಪಕರಿಗೇ ಮರಳಬೇಕು.

ವಾಸ್ಕೋ ಟೀಚರ್ ಹೇಳಿದ ‘ವರ್ಕ್‌ಮನ್ ಅಲ್ಲ’ ಎಂಬುದಕ್ಕೆ ಅಮೆರಿಕದಲ್ಲೂ ಒಬ್ಬ ದಾಯಾದಿ ಇದ್ದಾನೆ. 1980ರ ಯಶೀವಾ ತೀರ್ಪಿನಲ್ಲಿ ಆ ಖಾಸಗಿ ವಿಶ್ವವಿದ್ಯಾಲಯದ ಪೂರ್ಣಾವಧಿ ಅಧ್ಯಾಪಕರು ಆಡಳಿತಕ್ಕೆ ಸೇರಿದವರು, ಆದ್ದರಿಂದ ಕಾರ್ಮಿಕ ಕಾಯ್ದೆಯಡಿ ಚೌಕಾಸಿ ಮಾಡುವ ಹಕ್ಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಕಲ್ಯಾಣ್-ಠಾಣೆ ಸಿಎಚ್‌ಬಿ

ಮೂರು ದಿನಗಳಿಂದ ಓದುತ್ತಿದ್ದೇನೆ. ಬರೆಯುವುದೋ ಬೇಡವೋ ಎಂದು ಯೋಚಿಸಿ ಈಗ ಬರೆಯುತ್ತಿದ್ದೇನೆ.

ನಾನು ತಾಸಿನ ಲೆಕ್ಕದ ಅಧ್ಯಾಪಕಿ. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ನಡುವೆ ಲೋಕಲ್ ರೈಲು. ಮಾಡಿದ ತಾಸಿಗೆ ಮಾತ್ರ ಹಣ. ಪ್ರತಿ ಜೂನ್‌ನಲ್ಲಿ ಮತ್ತೆ ಸಂದರ್ಶನ, ಮತ್ತೆ ನೇಮಕ. ಹೋದ ಜೂನ್‌ನಲ್ಲಿ ಒಂದು ಕಾಲೇಜಿನಿಂದ ಕರೆ ಬರಲಿಲ್ಲ. ನಾನೇ ಹೋಗಿ ಕೇಳಿದಾಗ ‘ಮಕ್ಕಳ ಫೀಡ್‌ಬ್ಯಾಕ್ ಚೆನ್ನಾಗಿಲ್ಲ’ ಎಂದರು. ತೋರಿಸಿ ಎಂದೆ. ಗೋಪ್ಯ ಎಂದರು.

ನಿಮ್ಮ ಮೇಡಂ ಅವರ ಅಂಕ ಗೋಡೆಯ ಮೇಲೆ ಬಂತು. ನನ್ನದು ನನಗೂ ಕಾಣಲಿಲ್ಲ. ಅವರ ಮರ್ಯಾದೆಗೆ ಪೆಟ್ಟು ಬಿತ್ತು, ಅದು ಸಣ್ಣದಲ್ಲ. ಆದರೆ ಅವರ ಕೆಲಸ ಉಳಿದಿದೆ, ಪಿಂಚಣಿ ಇದೆ. ನನ್ನದು ಹೋಯಿತು. ಮೇಷ್ಟ್ರೇ, ನಿಮ್ಮ ಸಂಘದಲ್ಲಿ ನಮ್ಮಂಥವರು ಸದಸ್ಯರೇ? ಶನಿವಾರದ ಕಾಗದದಲ್ಲಿ ನಾವು ಇದ್ದೇವೆಯೇ?

ಮುಲುಂಡ್ ಮೇಷ್ಟ್ರು

ಇಲ್ಲಮ್ಮ. ಸದಸ್ಯತ್ವ ಕಾಯಂ ಅಧ್ಯಾಪಕರಿಗೆ ಮಾತ್ರ. ನಮ್ಮ ಕರಡಿನಲ್ಲಿ ‘ಸದಸ್ಯರು’ ಎಂದೇ ಬರೆದಿದ್ದೆವು. ಇವತ್ತು ರಾತ್ರಿ ಅದನ್ನು ತಿದ್ದುತ್ತೇನೆ. ಕರಡು ಇಲ್ಲಿ ಹಾಕುತ್ತಿದ್ದೇನೆ, ಕಣ್ಣಾಡಿಸಿ.

ಮೌಲ್ಯಮಾಪನ ಮುಂದುವರಿಯಬೇಕು. ತುಂಬುವ ಮಕ್ಕಳ ಇಮೇಲ್, ಮೊಬೈಲ್, ರೋಲ್ ನಂಬರ್ ಯಾವುದನ್ನೂ ಸಂಗ್ರಹಿಸಕೂಡದು. ಒಬ್ಬರೇ ಎರಡು ಸಲ ತುಂಬದಂತೆ ತರಗತಿಯಲ್ಲೇ ಒಂದೊಂದು ಚೀಟಿ ಕೊಡಬೇಕು, ಆಗ ಆಯಾ ಅಧ್ಯಾಪಕರು ಅಲ್ಲಿರಬಾರದು. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಯ ಬಿಡಿ ಅಭಿಪ್ರಾಯಗಳನ್ನು ಯಾರಿಗೂ ಕೊಡಬಾರದು, ಎರಡು ಮೂರು ವರ್ಷದ್ದನ್ನು ಒಟ್ಟುಗೂಡಿಸಿ ಸಾರಾಂಶ ಮಾತ್ರ ಕೊಡಬೇಕು. ವಿಶ್ವವಿದ್ಯಾಲಯಕ್ಕೆ ಅಂಕ ಕಳುಹಿಸಿದ ಮೇಲಷ್ಟೇ ಅಧ್ಯಾಪಕರ ಕೈಗೆ ಬರಬೇಕು. ಸರಾಸರಿ ಬೇಡ, ಎಷ್ಟು ಜನ ಎಷ್ಟು ಕೊಟ್ಟರು ಎಂಬ ಪೂರ್ಣ ಹಂಚಿಕೆ ಇರಲಿ. ಕ್ರಮಾಂಕದ ಪಟ್ಟಿ ಗೋಡೆಗೂ ಬೇಡ, ವಾಟ್ಸಾಪಿಗೂ ಬೇಡ. ವಿಭಾಗದ ಮುಖ್ಯಸ್ಥರು ಮತ್ತು ಪ್ರಾಂಶುಪಾಲರು ಅಧ್ಯಾಪಕರ ಜೊತೆ ಕುಳಿತು ನೋಡಬಹುದು, ಅಧ್ಯಾಪಕರ ಲಿಖಿತ ಉತ್ತರವನ್ನೂ ಜೊತೆಗೆ ಇಡಬೇಕು. ಕಾಯಂ ಇರಲಿ, ತಾಸಿನ ಲೆಕ್ಕದವರಿರಲಿ, ತೋರಿಸದ ಮೌಲ್ಯಮಾಪನವನ್ನು ನೇಮಕಕ್ಕೂ ಬಡ್ತಿಗೂ ಮರುನೇಮಕಕ್ಕೂ ಬಳಸಕೂಡದು.

ಪುಣೆ ಸಂಖ್ಯಾಶಾಸ್ತ್ರ

ಒಂದು ಸೇರಿಸಿ: ಅರ್ಧಕ್ಕಿಂತ ಕಡಿಮೆ ಮಕ್ಕಳು ತುಂಬಿದ್ದರೆ ಅಂಕಿಗಳನ್ನು ಯಾವ ನಿರ್ಣಯಕ್ಕೂ ಎತ್ತಿಕೊಳ್ಳಬಾರದು.

ವಾಸ್ಕೋ ಟೀಚರ್

ನ್ಯಾಕ್ ಹೆಸರು ಹೇಳಿದರೆ ಹೀಗೆ ಉತ್ತರಿಸಿ. 2017ರ ಚೌಕಟ್ಟಿನಲ್ಲಿ ನ್ಯಾಕ್ ಕೇಳಿದ್ದು ಪಠ್ಯಕ್ರಮದ ಬಗ್ಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಉದ್ಯೋಗದಾತರು, ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯ, ಅದರ ವಿಶ್ಲೇಷಣೆ, ಅದರ ಮೇಲೆ ಕೈಗೊಂಡ ಕ್ರಮ. ಜಾಲತಾಣದಲ್ಲಿ ಹಾಕಬೇಕಾದದ್ದು ಅದು, ಅಧ್ಯಾಪಕರ ಹೆಸರು ಮತ್ತು ಅಂಕಗಳಲ್ಲ. ಇನ್ನು ಅದೇ ಚೌಕಟ್ಟಿನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಪ್ರಶ್ನೆಗಳನ್ನು ನ್ಯಾಕ್ ತಾನೇ ಮಕ್ಕಳಿಗೆ ನೇರವಾಗಿ ಇಮೇಲ್ ಮಾಡುತ್ತಿತ್ತು. ಮಕ್ಕಳ ಇಮೇಲ್ ಪಟ್ಟಿ ಕೊಡುವುದನ್ನು ಬಿಟ್ಟರೆ ಕಾಲೇಜು ನಡುವೆ ಬರುತ್ತಿರಲಿಲ್ಲ. ಅದೂ ಇಡೀ ಸಂಸ್ಥೆಯ ಬಗ್ಗೆ, ಒಬ್ಬೊಬ್ಬ ಅಧ್ಯಾಪಕರ ಬಗ್ಗೆ ಅಲ್ಲ. ನ್ಯಾಕ್ ದಾರಿಯನ್ನೇ ಹಿಡಿಯುವುದಾದರೆ ಮಕ್ಕಳಿಗೂ ಆಡಳಿತಕ್ಕೂ ನಡುವೆ ಒಂದು ಪರದೆ ಬೇಕು.

ಟ್ರಸ್ಟಿನ ಕಡೆಯವನು

ಕರಡನ್ನು ಎರಡು ಸಲ ಓದಿದೆ. ಪ್ರಾಂಶುಪಾಲರು ಜೊತೆಗೆ ಕುಳಿತು ನೋಡುತ್ತಾರೆ ಎಂಬ ಸಾಲು ಇರುವುದರಿಂದ ನನ್ನ ಮುಖ್ಯ ಆಕ್ಷೇಪ ಹೋಯಿತು. ಪತ್ರಿಕೆ ಓದುವ ಮೇಷ್ಟ್ರು ಅಲ್ಲಿ ಸಿಕ್ಕಿಬೀಳುತ್ತಾರೆ. ತಾಸಿನ ಲೆಕ್ಕದವರ ವಿಷಯ ಮಾತ್ರ ನಿಮ್ಮ ಆಡಳಿತದವರು ಸುಲಭಕ್ಕೆ ಒಪ್ಪುವುದಿಲ್ಲ. ಕಾರಣ ಹೇಳದೆ ಬದಲಾಯಿಸುವ ಅನುಕೂಲವನ್ನು ಯಾವ ಟ್ರಸ್ಟೂ ಬಿಟ್ಟುಕೊಡಲು ಇಷ್ಟಪಡುವುದಿಲ್ಲ. ನಮ್ಮ ಟ್ರಸ್ಟೂ ಇಷ್ಟಪಡುವುದಿಲ್ಲ. ಕಲ್ಯಾಣ್‌ನ ತಂಗಿ ಬರೆದದ್ದನ್ನು ಓದಿದ ಮೇಲೆ ಮುಂದಿನ ನಮ್ಮ ಸಭೆಯಲ್ಲಿ ಈ ಪ್ರಶ್ನೆಯನ್ನು ನಾನೇ ಎತ್ತುತ್ತೇನೆ.

ಮುಲುಂಡ್ ಮೇಷ್ಟ್ರು

ಶನಿವಾರ ಆಯಿತು. ನಾಲ್ಕು ಗಂಟೆ ನಡೆಯಿತು.

ಇಮೇಲ್ ಸಂಗ್ರಹ ನಿಲ್ಲಿಸಲು ಹತ್ತು ನಿಮಿಷದಲ್ಲಿ ಒಪ್ಪಿದರು. ಗೋಡೆಯ ಪಟ್ಟಿ ಇನ್ನು ಮುಂದೆ ಇಲ್ಲ. ಸರಾಸರಿಯ ಬದಲು ಹಂಚಿಕೆ ಎಂಬುದಕ್ಕೆ ಪುಣೆಯ ಗೆಳೆಯರ 33ರ ಲೆಕ್ಕವನ್ನು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದೆ, ಕಾರ್ಯದರ್ಶಿಗಳು ತಾವೇ ಎದ್ದು ಬಂದು ಇನ್ನೊಂದು ಸಲ ಕೂಡಿಸಿ ನೋಡಿದರು. ಸಣ್ಣ ತರಗತಿಗಳ ವಿಷಯ ಬಂದಾಗ ನನ್ನ ಏಳು ಮಕ್ಕಳ ಕಥೆ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಯಾರೂ ಏನೂ ಅನ್ನಲಿಲ್ಲ. ಆ ಸಾಲು ಹಾಗೆಯೇ ಉಳಿಯಿತು.

ತಾಸಿನ ಲೆಕ್ಕದವರ ಸಾಲಿಗೆ ಬಂದಾಗ ಟ್ರಸ್ಟಿನ ಅಣ್ಣನವರು ಹೇಳಿದಂತೆಯೇ ಆಯಿತು. ‘ಅವರು ನಿಮ್ಮ ಸದಸ್ಯರಲ್ಲ, ಅವರ ಪರ ಮಾತಾಡುವ ಅಧಿಕಾರ ನಿಮಗಿಲ್ಲ. ಉಳಿದದ್ದಕ್ಕೆಲ್ಲ ಇವತ್ತೇ ಸಹಿ ಹಾಕೋಣ’ ಎಂದರು. ನಮ್ಮ ಐವರಲ್ಲಿ ಇಬ್ಬರು ಸಹಿ ಹಾಕೋಣ ಎಂದೇ ಇದ್ದರು. ಆಗ ರಸಾಯನಶಾಸ್ತ್ರದ ಮೇಡಂ ಮಾತಾಡಿದರು. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ. ತಮ್ಮ ಪ್ರಯೋಗಾಲಯದಲ್ಲಿ ಮೂವರು ತಾಸಿನ ಲೆಕ್ಕದ ಹುಡುಗಿಯರಿದ್ದಾರೆ, ಅರ್ಧ ಪ್ರಾಕ್ಟಿಕಲ್‌ಗಳನ್ನು ಅವರೇ ನಡೆಸುತ್ತಾರೆ, ತನ್ನ ಹೆಸರಿನ ಮೇಲಿನ ಹಳದಿ ಹೋಗಿ ಅವರ ಕೆಲಸ ಹೋಗುವುದಾದರೆ ಆ ಹಾಳೆಯನ್ನು ಮತ್ತೆ ಗೋಡೆಗೆ ಅಂಟಿಸಿ ಎಂದರು. ಸಹಿ ಆಗಲಿಲ್ಲ.

ಮುಂದಿನ ಮಾತುಕತೆ ಹದಿನೈದು ದಿನ ಬಿಟ್ಟು. ಅಷ್ಟರೊಳಗೆ ತಾಸಿನ ಲೆಕ್ಕದವರಿಗೂ ಸದಸ್ಯತ್ವ ಕೊಡಲು ಸಂಘದ ನಿಯಮಾವಳಿ ತಿದ್ದಬೇಕು. ಗುರುವಾರ ಸಂಜೆ ಸರ್ವಸದಸ್ಯರ ಸಭೆ ಕರೆದಿದ್ದೇವೆ. ನಿವೃತ್ತ ಸರ್, ನಿಮ್ಮ ಕಾಲದ ನಿಯಮಾವಳಿ ತಿದ್ದುಪಡಿಯ ಮಾದರಿ ಇದ್ದರೆ ಕಳುಹಿಸಿ.

ಡೊಂಬಿವಲಿ ನಿವೃತ್ತ

ಇದೆ. ಮೇಲಟ್ಟದ ಟ್ರಂಕಿನಲ್ಲಿದೆ, ನಾಳೆ ಮಗನಿಂದ ಇಳಿಸುತ್ತೇನೆ. ವಾರ್ಷಿಕ ಚಂದಾ ಎಷ್ಟೆಂದು ಈಗಲೇ ಯೋಚಿಸಿ, ತಾಸಿನ ಲೆಕ್ಕದವರಿಗೆ ಕಾಯಂ ಇದ್ದವರಷ್ಟೇ ಹಾಕಬೇಡಿ.

ಕಲ್ಯಾಣ್-ಠಾಣೆ ಸಿಎಚ್‌ಬಿ

ಗುರುವಾರ ನನ್ನ ಕೊನೆಯ ತಾಸು ನಾಲ್ಕೂವರೆಗೆ ಮುಗಿಯುತ್ತದೆ. ಹೊರಗಿನವಳು ಬಂದು ಹಿಂದೆ ಕುಳಿತುಕೊಳ್ಳಬಹುದಾದರೆ ಬರುತ್ತೇನೆ. ಇನ್ನೂ ನಾಲ್ವರನ್ನು ಕರೆತರುತ್ತೇನೆ.

ಮುಲುಂಡ್ ಮೇಷ್ಟ್ರು

ಬನ್ನಿ. ಆರು ಗಂಟೆಗೆ. ಸ್ಟೇಷನ್ನಿನಿಂದ ದಾರಿ ಗೊತ್ತಾಗದಿದ್ದರೆ ನಾನು ಪೂರ್ವದ ಟಿಕೆಟ್ ಕಿಟಕಿಯ ಹತ್ತಿರ ಐದೂವರೆಯಿಂದ ನಿಂತಿರುತ್ತೇನೆ.